ಅಂಗಿ ತೊಟ್ಟ ಕಾರು

ಸೋಮೇಶನ ಮನೆಗೆ ಕಾರು ಬಂದದ್ದು ಹೆಂಡತಿ ಹೇಮಾವತಿಯ ಸಲುವಾಗಿ ಎಂದು ಆದೋನಿಯ ಆ ಓಣಿಗೆಲ್ಲ ಗೊತ್ತಿತ್ತು. ಆಕೆ ಪೆದ್ದಕಡುಬೂರು ಕಡೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರು. ವರ್ಷಗಟ್ಟಲೆ ಷೇರ್ ಆಟೋದಲ್ಲಿ, ಒಂದು ಮಗ್ಗುಲಿಗೆ ಗೊಬ್ಬರದ ಚೀಲ, ಇನ್ನೊಂದು ಮಗ್ಗುಲಿಗೆ ಯಾರದೋ ಮೊಣಕೈ ಚುಚ್ಚಿಸಿಕೊಂಡು ಓಡಾಡಿದವಳು. ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ತೆಗೆದುಕೊಂಡಿದ್ದಳು. ಶಾಲೆ ತೆರೆಯುವ ದಿನ ಕಾರು ನಡೆಸಿಕೊಂಡೇ ಬರುತ್ತೇನೆಂದು ಜೊತೆಯ ಟೀಚರುಗಳಿಗೆ ಹೇಳಿಯೂ ಬಿಟ್ಟಿದ್ದಳು.

ಕಾರು ಬಂತು. ಕಡು ನೀಲಿ. ಬಂದ ದಿನವೇ ಸೋಮೇಶ ಅದಕ್ಕೆ ಮುಸುಕು ಹಾಕಿ, ಕೀಲಿಕೈ ಜೇಬಿಗಿಳಿಸಿದ.

"ಪಿಪಿಎಫ್ ಹಾಕಿಸೋತನ ಯಾರೂ ಮುಟ್ಟಂಗಿಲ್ಲ," ಅಂದ.

ಹತ್ತಿ ದಲಾಲಿಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಅವನ ಅಪ್ಪ ಉರುಕುಂದಪ್ಪ ಪೇಪರಿನಿಂದ ಮುಖ ಎತ್ತಿದರು. "ಪಿಪಿಎಫ್ ಅಂದ್ರ ಪೋಸ್ಟಾಫೀಸ್‌ನ್ಯಾಗ ಹದಿನೈದು ವರ್ಷ ಇಡ್ತಾರಲ್ಲ, ಅದೇನಲೇ?"

"ಅದಲ್ಲಪ್ಪ. ಕಾರಿನ ಬಣ್ಣದ ಮ್ಯಾಲೆ ಹಚ್ಚೋ ಫಿಲಂ. ಪ್ಲಾಸ್ಟಿಕ್ ಹಾಳಿ ಇದ್ದಂಗ, ಕಣ್ಣಿಗೆ ಕಾಣಂಗಿಲ್ಲ. ಕಲ್ಲು ಸಿಡಿದ್ರ, ಮುಳ್ಳು ತರಚಿದ್ರ ಬಣ್ಣಕ್ಕ ಏನೂ ಆಗಂಗಿಲ್ಲ."

"ಎಷ್ಟು ಅದಕ್ಕ?"

ಸೋಮೇಶ ಹೇಳಿದ. ಕಾರಿನ ಬೆಲೆಯ ಹತ್ತರಲ್ಲೊಂದು ಪಾಲಿಗೆ ಒಂಚೂರು ಕಡಿಮೆ.

"ಅಷ್ಟರಾಗ ಕಾರಿಗೆ ನಾಲ್ಕು ಸಲ ಬಣ್ಣ ಹೊಡಿಸಬಹುದಲ್ಲ," ಅಂದರು ಉರುಕುಂದಪ್ಪ.

"ಕಂಪನಿ ಬಣ್ಣ ಬರಂಗಿಲ್ಲಪ್ಪ. ಮಾರೋ ಮುಂದ ರೇಟು ಬೀಳ್ತೈತಿ."

"ತಂದು ನಾಲ್ಕು ದಿನ ಆಗಿಲ್ಲ, ಆಗಲೇ ಮಾರೋ ಮಾತು ಏನಲೇ?"

ಇದನ್ನು ಕೇಳಿ ಹೇಮಾವತಿಗೆ ಆಶ್ಚರ್ಯವೇನೂ ಆಗಲಿಲ್ಲ. ಈ ಮನೆಯಲ್ಲಿ ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ಕು ಕೀಳುವುದೆಂದರೆ ಹಸುಗೂಸಿನ ಚರ್ಮ ಸುಲಿದಷ್ಟು ಪಾಪ. ಟಿವಿ ರಿಮೋಟು ತನ್ನ ಕವರಿನೊಳಗೇ ಸೊನ್ನೆ ಯಾವುದು ಎಂಟು ಯಾವುದು ತಿಳಿಯದಷ್ಟು ಮಂಜಾಗಿತ್ತು. ಸೋಫಾದ ಕವರು ಬೇಸಿಗೆಯಲ್ಲಿ ಬಂದವರ ತೊಡೆಗಂಟಿ, ಏಳುವಾಗ ಅವರನ್ನು ಸದ್ದು ಮಾಡಿ ಬೀಳ್ಕೊಡುತ್ತಿತ್ತು. ಮದುವೆಯಾದ ಹೊಸದರಲ್ಲಿ ತನ್ನನ್ನು ಹೇಗೋ ಕವರು ಹಾಕದೆ ಬಿಟ್ಟರಲ್ಲ ಎಂದು ಆಕೆ ಎಷ್ಟೋ ಸಲ ಅಂದುಕೊಂಡದ್ದುಂಟು.

ಫಿಲಂ ಬಗ್ಗೆ ಆಕೆಯೂ ಫೋನಿನಲ್ಲಿ ಓದಿ ನೋಡಿದಳು. ಸಣ್ಣ ಗೀರು ಬಿಸಿಲಿನ ಕಾವಿಗೆ ತಾನೇ ಮಾಯುತ್ತದೆ ಎನ್ನುವುದು ನಿಜ. ಗುದ್ದಿದರೆ ತಗಡು ನೆಗ್ಗುವುದನ್ನು ತಪ್ಪಿಸುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಕಡಿಮೆ ಬೆಲೆಯದು ಕೆಲವೇ ವರ್ಷದಲ್ಲಿ ಹಳದಿ ತಿರುಗುತ್ತದಂತೆ. ಹಾಕಿಸುವುದು ಬಿಡುವುದು ಆಕೆಗೆ ಒಂದೇ. ಬೇಕಾಗಿದ್ದುದು ಕೀಲಿಕೈ. "ಹಾಕ್ಸೋದಿದ್ರ ಸಾಲಿ ಚಾಲೂ ಆಗೋದ್ರಾಗ ಹಾಕ್ಸಿಬಿಡ್ರಿ," ಅಂದಳು.

ಅಡ್ಡ ಬಂದವರು ಅತ್ತೆ ಅಕ್ಕನಾಗಮ್ಮ. "ಮೊದಲು ಉರುಕುಂದಿ ಈರಣ್ಣನ ಪೂಜಿ. ಆಮ್ಯಾಲೆ ನಿನ್ನ ಪ್ಲಾಸ್ಟಿಕ್ಕು."

"ಅವ್ವಾ, ಫಿಲಂ ಹಾಕಿಸಿಕೊಂಡು ಹೋಗೋಣು. ಗುಡಿ ಮುಂದ ಜನ, ಕಾಯಿ ಒಡೀತಾರ, ಚಿಪ್ಪು ಸಿಡೀತಾವ."

"ಪ್ಲಾಸ್ಟಿಕ್ಕಿಗೆ ಪೂಜಿ ಮಾಡಿದ್ರ ಪ್ಲಾಸ್ಟಿಕ್ಕಿಗೆ ಒಳ್ಳೇದಾಗ್ತೈತಿ. ಕಾರಿಗೇನು ಬಂತು?"

ಭಾನುವಾರ ನಸುಕಿನಲ್ಲೇ ನಾಲ್ವರೂ ಕೌತಾಳಂ ದಾರಿ ಹಿಡಿದು ಉರುಕುಂದಿಗೆ ಹೋದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಬಿದ್ದವು. ಪೂಜಾರಿ ಬಾನೆಟ್ಟಿನ ಮೇಲೆ ನೆನೆಸಿದ ವಿಭೂತಿಯಿಂದ ಮೂರು ಪಟ್ಟೆ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟ. ಕಾಯಿ ಒಡೆಯುವಾಗ ಸೋಮೇಶ ಕೈ ಅಗಲಿಸಿ ಕಾರಿಗೆ ಅಡ್ಡ ನಿಂತ. ಒಂದು ಚಿಪ್ಪು ಸಿಡಿದು ಅವನ ಮೊಣಕಾಲಿಗೆ ಬಡಿಯಿತು. ಕಾರಿಗೆ ಏನೂ ಆಗಲಿಲ್ಲ.

ಅಲ್ಲಿಂದ ನೇರ ಬಳ್ಳಾರಿ. ಫಿಲಂ ಅಂಗಡಿಯ ಚಂದ್ರ ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮುಂದೆ ನಿಂತ.

"ಇದನ್ನ ಒರೆಸಬೇಕಾಗ್ತೈತ್ರಿ ಅಣ್ಣಾರ. ಒಂದು ಕಣ ಧೂಳಿದ್ರೂ ಫಿಲಂ ಗುಳ್ಳಿ ಏಳ್ತೈತಿ."

ಹಿಂದಿನ ಸೀಟಿನಿಂದ ಅಕ್ಕನಾಗಮ್ಮನ ಧ್ವನಿ ಬಂತು. "ಅದನ್ನ ಮುಟ್ಟಬ್ಯಾಡ್ರಿ. ಪೂಜಿ ಗುರುತು ಮಳಿಗೋ ಗಾಳಿಗೋ ತಾನಾಗಿ ಹೋಗಬೇಕು. ಕೈಲೆ ಒರೆಸಬಾರ್ದು. ನಮ್ಮ ಮನ್ಯಾಗ ಹಳೇ ಜೀಪಿನ ಕಾಲದಿಂದ ಹಿಂಗ."

"ಒರೆಸ್ರಿ," ಅಂದ ಸೋಮೇಶ ಚಂದ್ರನಿಗೆ, ಮೆಲ್ಲಗೆ.

ಚಂದ್ರ ತನ್ನ ಹಣೆಯ ವಿಭೂತಿ ಮುಟ್ಟಿಕೊಂಡ. "ನಾನು ಒರೆಸಂಗಿಲ್ಲರಿ. ನಮ್ಮದೂ ಅದೇ ಗುಡಿಗೆ ನಡಕೊಳ್ಳೋ ಮನಿ. ನೀವ ಒರೆಸಿ ಕೊಡ್ರಿ, ಮುಂದಿಂದು ನಾ ನೋಡ್ತೀನಿ."

"ನಂದು ಕಾರು, ನಾ ಹೆಂಗ ಒರೆಸ್ಲಿ? ಅಪ್ಪಾ, ನೀ..."

"ನನಗ್ಯಾಕಲೇ? ನನಗ ಬಿಪಿ ಐತಿ."

ಸೆರಗಿನ ತುದಿ ಸಾಕಿತ್ತು. ಹೇಮಾವತಿ ಅಂದುಕೊಂಡಳು: ಅರೆ ಗಳಿಗೆಯ ಕೆಲಸ. ಆದರೆ ಒರೆಸಿದವಳು ತಾನು ಎಂದಾದರೆ ಮುಂದೆ ಈ ಕಾರಿನ ಪಂಕ್ಚರಿಗೂ ತಾನೇ ಕಾರಣ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕೊನೆಗೆ ಚಂದ್ರನೇ ದಾರಿ ಹುಡುಕಿದ. ಫಿಲಂ ಅಂಟಿಸುವಾಗ ಸೋಪಿನ ನೀರು ಚಿಮುಕಿಸುತ್ತಾರೆ, ಅದಕ್ಕೆ ವಿಭೂತಿ ಹರಿದುಹೋಗುತ್ತದೆ. ಆದ್ದರಿಂದ ಮೊದಲು ಗುರುತಿನ ಮೇಲೆ ಮಾತ್ರ ಒಂದು ಚೌಕ ತುಂಡನ್ನು ಒಣದಾಗಿ ಅಂಟಿಸುವುದು. ಆಮೇಲೆ ಉಳಿದ ಕಡೆ ತೊಳೆದು, ಎಲ್ಲದರ ಮೇಲೆ ದೊಡ್ಡ ಹಾಳೆ ಎಳೆಯುವುದು. "ಬಾನೆಟ್ಟಿಗೆ ಮಾತ್ರ ಗ್ಯಾರಂಟಿ ಕೊಡಂಗಿಲ್ಲರಿ," ಅಂದ. "ಅದರ ಗ್ಯಾರಂಟಿ ಈರಣ್ಣಂದು," ಅಂದರು ಅಕ್ಕನಾಗಮ್ಮ.

ಕೆಲಸಕ್ಕೆ ಮೂರು ದಿನ ಬೇಕಿತ್ತು. ಹೊಸ ಕಾರಿನ ಯಜಮಾನರೆಲ್ಲ ಅಂದು ಬಸ್ಸಿನಲ್ಲಿ ನಿಂತುಕೊಂಡು ಆದೋನಿಗೆ ವಾಪಸಾದರು.

ಬುಧವಾರ ಕಾರು ಮನೆಗೆ ಬಂತು. ಮೈಯೆಲ್ಲ ಬಾವಿಯ ನೀರಿನ ಹಾಗೆ ಫಳಫಳ. ಬಾನೆಟ್ಟಿನ ನಡುವೆ ಮಾತ್ರ ಆಧಾರ್ ಕಾರ್ಡಿನ ಫೋಟೋದಂತೆ ಒಂದು ಚೌಕ. ಅದರೊಳಗೆ ವಿಭೂತಿ, ಕುಂಕುಮ, ಅಂಚಿನಲ್ಲಿ ನಾಲ್ಕಾರು ಗುಳ್ಳೆ. ಓಣಿಯವರು ಬಂದು ನೋಡಿದರು. ಇಬ್ಬರು ಕೈ ಮುಗಿದರು.

ಶಾಲೆ ತೆರೆಯುವುದು ಮರುದಿನ. ರಾತ್ರಿ ಊಟಕ್ಕೆ ಕೂತಾಗ ಹೇಮಾವತಿ ರೊಟ್ಟಿ ಬಡಿಸುತ್ತಲೇ ಕೇಳಿದಳು. "ನಾಳಿಗೆ ಕೀಲಿ ಕೊಡ್ರಿ. ಸಾಲಿಗೆ ಹೋಗ್ಬೇಕು."

"ಇನ್ನಾ ಒಂದು ವಾರ ಕಾರು ತೊಳಿಬಾರ್ದು ಅಂದಾನ ಚಂದ್ರ."

"ನಾನೇನು ತೊಳ್ಯಾಕ ಒಯ್ಯಂಗಿಲ್ಲ, ನಡಸಾಕ ಒಯ್ತೀನಿ."

"ಆ ದಾರಿ ನೋಡೀ ಏನು? ಎರಡೂ ಕಡೆ ಜಾಲಿ. ಕುರಿ ಹಿಂಡು ಬರ್ತಾವ, ಟ್ರ್ಯಾಕ್ಟರ್ ಬರ್ತಾವ. ತರಚ್ತೈತಿ."

"ತರಚಬಾರ್ದು ಅಂತಲ್ಲೇನ್ರಿ ಫಿಲಂ ಹಾಕ್ಸಿದ್ದು?"

ಉರುಕುಂದಪ್ಪ ಮಜ್ಜಿಗೆ ಲೋಟ ಕೆಳಗಿಟ್ಟರು. "ಹೌದಲ್ಲಲೇ. ನೀನ ಹೇಳಿದ್ದು, ಮುಳ್ಳು ತರಚಿದ್ರೂ ಏನೂ ಆಗಂಗಿಲ್ಲ ಅಂತ."

"ಸಣ್ಣಪುಟ್ಟದ್ದಕ್ಕ ಅಪ್ಪ. ದೊಡ್ಡದೇನಾರ ಆದ್ರ ಫಿಲಂ ಏನು ಮಾಡ್ತೈತಿ?"

"ದೊಡ್ಡದು ಆಗಬಾರ್ದು ಅಂತಲ್ಲೇನು ಅತ್ತಿ ಪೂಜಿ ಮಾಡಿಸಿದ್ದು?" ಅಂದಳು ಹೇಮಾವತಿ. ದನಿಯಲ್ಲಿ ಬಡಿಸಿದ ಪಲ್ಯದಷ್ಟೂ ಖಾರವಿರಲಿಲ್ಲ.

ಅಕ್ಕನಾಗಮ್ಮ ತುತ್ತು ಕೈಯಲ್ಲೇ ಹಿಡಿದು ಮಗನನ್ನು ನೋಡಿದರು. "ಯಾಕೋ, ಈರಣ್ಣನ ಮ್ಯಾಲೆ ನಂಬಿಕಿ ಇಲ್ಲೇನು ನಿನಗ?"

ಸೋಮೇಶ ಒಬ್ಬೊಬ್ಬರ ಮುಖವನ್ನೂ ನೋಡಿದ. ಫಿಲಂ ಕೆಲಸಕ್ಕೆ ಬಾರದು ಎಂದರೆ ಅಪ್ಪ ಬಿಡುವುದಿಲ್ಲ. ಪೂಜೆ ಕೆಲಸಕ್ಕೆ ಬಾರದು ಎಂದರೆ ಅವ್ವ ಬಿಡುವುದಿಲ್ಲ. ಹೆಂಡತಿಗೆ ನಡೆಸಲು ಬಾರದು ಎಂದರೆ ಲೈಸೆನ್ಸು ಸುಳ್ಳು ಹೇಳುವುದಿಲ್ಲ. ಜೇಬಿಗೆ ಕೈಹಾಕಿ ಕೀಲಿಕೈ ತೆಗೆದು ತಟ್ಟೆಯ ಪಕ್ಕ ಇಟ್ಟ. "ಒಂದ ದಿನಕ್ಕ," ಅಂದ.

ಮರುದಿನ ಹೇಮಾವತಿ ಆದೋನಿ ದಾಟುವವರೆಗೆ ಎರಡನೇ ಗೇರು ದಾಟಲಿಲ್ಲ. ದಾಟಿದ ಮೇಲೆ ಕಿಟಕಿ ಇಳಿಸಿದಳು. ಒಂದು ಷೇರ್ ಆಟೋವನ್ನು ಹಿಂದೆ ಹಾಕಿದಾಗ ಒಳಗಿದ್ದವರ ಮೊಣಕೈಗಳೆಲ್ಲ ಹೊರಗೆ ಕಂಡವು. ಆಕೆಗೆ ಹಾಡು ಬರುತ್ತಿದ್ದರೆ ಹಾಡುತ್ತಿದ್ದಳು.

ಒಂದು ತಿರುವಿನಲ್ಲಿ ರಸ್ತೆಯ ತುಂಬ ಕುರಿ. ಎದುರಿನಿಂದ ಟ್ರ್ಯಾಕ್ಟರು. ಎಡಕ್ಕೆ ಎಳೆದಳು. ಜಾಲಿಯ ಟೊಂಗೆ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ಕರ್ರೆಂದು ಉಜ್ಜಿತು. ಇಳಿದು ನೋಡಿದಳು. ಮೂರು ಗೀರು.

ಕುರಿ ಕಾಯುವ ಉಚ್ಚೀರಪ್ಪ ಕೋಲೂರಿ ನಿಂತು ತಾನೂ ನೋಡಿದ. ಅವನ ಮೊಮ್ಮಗಳು ಆಕೆಯ ಶಾಲೆಯಲ್ಲೇ ಓದುತ್ತಿದ್ದಳು. "ಹೊಸಾ ಬಂಡಿ ಏನು ಟೀಚರಮ್ಮಾ? ಗೀರು ಬಿತ್ತಲ್ಲ."

"ಅದಕ್ಕ ಬಿದ್ದಿಲ್ಲ ಉಚ್ಚೀರಪ್ಪ. ಅದರ ಅಂಗಿಗೆ ಬಿದ್ದೈತಿ."

"ಅಂಗಿ ಪುಗಸಟ್ಟೆ ಬಂತೇನು?"

ಹೇಮಾವತಿ ನಕ್ಕು ಕಾರು ಹತ್ತಿದಳು. ಕಾರನ್ನು ಶಾಲೆಯ ಬಯಲಿನಲ್ಲಿ ಬಿಸಿಲಿಗೇ ನಿಲ್ಲಿಸಿದಳು. ಜೊತೆಯ ಟೀಚರುಗಳು ಬಂದು ನೋಡಿ, ಬಾನೆಟ್ಟಿನ ಮೇಲಿನದು ಯಾವ ಕಂಪನಿಯ ಗುರುತು ಎಂದು ಕೇಳಿದರು. ಸಂಜೆ ಹೊರಡುವಾಗ ನೋಡಿದರೆ ಎರಡು ಗೀರು ಇರಲಿಲ್ಲ. ಒಂದು ಮಾತ್ರ ಕೂದಲೆಳೆಯಷ್ಟು ಉಳಿದಿತ್ತು.

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸೋಮೇಶ ಬಾಯಿ ತೆರೆಯುವ ಮೊದಲು ಮೊಣಕಾಲೂರಿ ಬಾಗಿಲನ್ನು ನೋಡಿದ. ಒಂದು ವಾರ ತೊಳೆಯಬಾರದೆಂಬುದನ್ನು ಮರೆತು ಬಚ್ಚಲ ಹಂಡೆಯಿಂದ ಬಿಸಿನೀರು ತಂದು ಸುರಿದ. ಕೂದಲೆಳೆ ಇನ್ನಷ್ಟು ತೆಳುವಾಯಿತು, ಪೂರ್ತಿ ಹೋಗಲಿಲ್ಲ. ಬೈಯುತ್ತಾನೆಂದು ಆಕೆ ಕಾದಳು. ಅವನು ಬೈಯಲಿಲ್ಲ. ಕೀಲಿಕೈ ವಾಪಸು ಜೇಬಿಗಿಟ್ಟು, ಫೋನು ಹಿಡಿದು ಗೆಳೆಯರಿಗೆಲ್ಲ ಗೀರು ಮಾಯ್ದ ಸುದ್ದಿ ಮುಟ್ಟಿಸತೊಡಗಿದ. ದೇವರು ಕಂಡವರು ಹಾಗೆ ಮಾತಾಡುತ್ತಾರೆ.

ಜೂನಿನಲ್ಲಿ ಮಾರ್ಕೆಟ್ ಯಾರ್ಡಿಗೆ ಹತ್ತಿ ಬರುವುದು ಕಡಿಮೆ. ದಲಾಲರಿಗೆ ಬಿಡುವು ಬೇಕಾದಷ್ಟು. ಮರುದಿನ ಬೆಳಿಗ್ಗೆ ಸೋಮೇಶನ ಜೊತೆಯ ದಲಾಲ ನಾಗಭೂಷಣ ಮತ್ತೆ ಇಬ್ಬರು ಚಹಾಕ್ಕೆಂದು ಬಂದು ಕಾರಿನ ಸುತ್ತ ನೆರೆದರು. ಹೇಮಾವತಿ ಬ್ಯಾಗು ಹೆಗಲಿಗೇರಿಸಿ ಆಟೋಗೆ ಹೊರಟವಳು ಬಾಗಿಲಲ್ಲಿ ನಿಂತಳು.

"ಬರೀ ಮಾತು ಸೋಮಣ್ಣ," ಅಂದ ನಾಗಭೂಷಣ. "ಗೀರು ಮಾಯೋಕ ಅದೇನು ಮನಷ್ಯಾರ ಚರ್ಮ ಏನು?"

"ನೀ ಹತ್ತಿ ಹೆಂಗ ತಗೊಂತಿ? ಎಳಿ ಜಗ್ಗಿ ನೋಡಿ ತಗೊಂತಿಯೋ, ಕೇಳಿ ತಗೊಂತಿಯೋ?"

"ಜಗ್ಗಿ ನೋಡಿ."

"ಹಂಗಾರ ನೋಡು." ಸೋಮೇಶ ಕೀಲಿಕೈಯ ತುದಿಯನ್ನು ಡ್ರೈವರ್ ಬಾಗಿಲಿಗೆ ಒತ್ತಿ ಮೆಲ್ಲಗೆ ಎಳೆದ. ಸಣ್ಣ ಗೀರು ಮೂಡಿತು. ಬಿಸಿನೀರು ಹಾಕಿದ. ಗೀರು ಹೋಯಿತು. ಬಂದವರ ಮುಖದಲ್ಲಿ ಗೌರವ ಕಾಣಿಸಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು.

"ಮೆತ್ತಗ ಎಳೆದಿ," ಅಂದ ನಾಗಭೂಷಣ. "ಜಾಲಿಮುಳ್ಳು ಮೆತ್ತಗ ಎಳೀತೈತೇನು?"

ಸೋಮೇಶ ಹಲ್ಲು ಕಚ್ಚಿ ಎಳೆದ. ಫಿಲಂ ಸೀಳಿ, ಅದರ ಕೆಳಗಿನ ನೀಲಿ ಸೀಳಿ, ಅದರ ಕೆಳಗಿನ ಬೂದುಬಣ್ಣ ಒಂದು ಗೇಣುದ್ದ ಹೊರಗೆ ಇಣುಕಿತು. ಹಂಡೆಯ ನೀರು ಪೂರ್ತಿ ಸುರಿದರು. ಚಹಾದ ಕೆಟಲ್ಲಿನಲ್ಲಿದ್ದ ನೀರನ್ನೂ ಸುರಿದರು. ಕಾರಿನ ಕೆಳಗೆ ಕೆಸರಾಯಿತು, ಗೀರು ಇದ್ದಲ್ಲೇ ಇತ್ತು. ನಾಗಭೂಷಣ ತನ್ನ ಚಹಾದ ಲೋಟದೊಳಗೆ ಏನನ್ನೋ ಹುಡುಕತೊಡಗಿದ.

"ತಪ್ಪಿಲ್ಲ ಬಿಡಲೇ," ಅಂದರು ಪಡಸಾಲೆಯಿಂದ ಉರುಕುಂದಪ್ಪ. "ಕೆಲವು ಹತ್ತಿ ಜಗ್ಗಿದ್ರ ಹರೀತಾವ."

ಹೇಮಾವತಿ ಮೆಟ್ಟಿಲಿಳಿದು ಬಂದಳು. ಗೀರನ್ನು ಒಂದು ಸಲ ನೋಡಿದಳು, ಗಂಡನನ್ನು ನೋಡಲಿಲ್ಲ. ನೋಡಿದ್ದರೆ ನಗು ತಡೆಯುವುದು ಕಷ್ಟವಿತ್ತು. ಅಂಗೈ ಚಾಚಿದಳು.

"ಎಲ್ಲಿಗೆ?" ಅಂದ ಸೋಮೇಶ, ಉತ್ತರ ಗೊತ್ತಿದ್ದೂ.

"ಸಾಲಿಗೆ. ಹೊತ್ತಾತು. ಅದಕ್ಕ ಇನ್ನೇನು ಆಗೋದೈತಿ?"

ಅವನು ಕೀಲಿಕೈಯ ತುದಿಗೆ ಹತ್ತಿದ್ದ ನೀಲಿ ಪುಡಿಯನ್ನು ಅಂಗಿಗೆ ಒರೆಸಿ, ಆಕೆಯ ಕೈಯಲ್ಲಿಟ್ಟ. ಒಂದು ದಿನಕ್ಕೆ ಎಂದು ಈ ಸಲ ಹೇಳಲಿಲ್ಲ. ಹೇಮಾವತಿ ಬಾಗಿಲು ತೆಗೆದು ಕೂತು, ಸೀಟನ್ನು ತನ್ನ ಕಾಲಿಗೆ ತಕ್ಕಂತೆ ಮುಂದಕ್ಕೆಳೆದು, ಕನ್ನಡಿಗಳನ್ನು ತಿರುಗಿಸಿಕೊಂಡಳು. ನಿನ್ನೆ ಎಲ್ಲವನ್ನೂ ಗಂಡನ ಅಳತೆಗೇ ಬಿಟ್ಟು ನಡೆಸಿದ್ದಳು.

ಸೋಮೇಶ ಎಡಗಡೆಯ ಕಿಟಕಿಗೆ ಬಗ್ಗಿದ. "ಹಾದ್ಯಾಗ ನನ್ನೂ ಯಾರ್ಡ್ ಹತ್ರ ಇಳಿಸಿ ಹೋಗ್ತಿ ಏನು?"

"ಬರ್ರಿ," ಅಂದಳು. "ಕಾಲಿನ ಕೆಸರು ಒರೆಸಿಕೊಂಡು ಹತ್ರಿ."