ಎಡದ ಒಲೆ ಅವ್ವನದು, ಬಲದ್ದು ಅಪ್ಪನದು

ನಾನು ಎರಡು ಬರ್ನರಿನ ಒಂದು ಗ್ಯಾಸ್ ಒಲೆ. ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ ನನ್ನನ್ನು ಬಡಿದು, ಬಾಗಿಸಿ, ಉಜ್ಜಿ ಹೊಳಪು ಕೊಟ್ಟರು. ಅಂಗಡಿಯಲ್ಲಿ ಹೆಚ್ಚು ದಿನ ಕೂರಲಿಲ್ಲ. ಸೋದರಮಾವನೊಬ್ಬ ನನಗೆ ಬಣ್ಣದ ಕಾಗದ ಸುತ್ತಿಸಿ ನಾಗವೇಣಿಯ ಮದುವೆಗೆ ಆಯೇರಿ ಮಾಡಿದ. ಹೀಗೆ ಅವಳ ಮತ್ತು ಪ್ರಭುಲಿಂಗನ ಅಡುಗೆಮನೆಯ ಕಟ್ಟೆ ಏರಿದೆ.

ಹದಿನೇಳು ವರ್ಷ ನನ್ನ ಮುಂದೆ ನಡೆದ ಜಗಳಗಳನ್ನು ಹೇಳುತ್ತ ಕೂತರೆ ಮುಗಿಯುವುದಿಲ್ಲ. ಪಾತ್ರೆ ಕುಕ್ಕಿದ ಪೆಟ್ಟು ಮಾತ್ರ ಬಿದ್ದದ್ದು ನನಗೇ. ಕೊನೆಗೆ ಇಬ್ಬರಿಗೂ ಸಾಕುಸಾಕಾಗಿ ವಿಚ್ಛೇದನಕ್ಕೆ ಒಪ್ಪಿಕೊಂಡರು. ಆದರೆ ಮಗಳು ಪಲ್ಲವಿ ಹತ್ತನೇ ತರಗತಿ. ಪರೀಕ್ಷೆ ಮುಗಿಯುವವರೆಗೆ ಅವಳಿಗೆ ತಿಳಿಯಬಾರದು, ಅಲ್ಲಿಯವರೆಗೆ ಇದೇ ಮನೆ ಎಂದಾಯಿತು. ಬೇರೆಯಾಗಿ ಬದುಕುತ್ತಿದ್ದೇವೆಂದು ಕೋರ್ಟಿಗೆ ತೋರಿಸಲು, ಒಂದೇ ಸೂರಿನಡಿ ಇದ್ದರೂ ಒಲೆ ಬೇರೆ ಇರಲಿ ಎಂದರಂತೆ ವಕೀಲರು. ಮನೆಯಲ್ಲಿ ಇದ್ದದ್ದು ನಾನೊಂದೇ. ನನ್ನನ್ನೇ ಪಾಲು ಮಾಡಿದರು. ಎಡಗಡೆಯ ಬರ್ನರ್ ನಾಗವೇಣಿಯದು, ಬಲಗಡೆಯದು ಪ್ರಭುಲಿಂಗನದು. ಅಪ್ಪನಿಗೆ ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ, ಅದಕ್ಕೇ ಬೇರೆ ಅಡುಗೆ ಎಂದು ಹುಡುಗಿಗೆ ಸುಳ್ಳು ಹೇಳಿದರು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಜಗಳ ನಿಂತುಹೋಗಿ ಅದರ ಜಾಗಕ್ಕೆ ಮರ್ಯಾದೆ ಬಂದು ಕೂತಿತ್ತು. "ಏ ನಾಗೂ" ಎಂದು ಕೂಗುತ್ತಿದ್ದವನು ಈಗ ಬಾಗಿಲಲ್ಲೇ ನಿಂತು, "ನೀವ ಮೊದಲ ಮಾಡ್ಕೋರಿ" ಎನ್ನತೊಡಗಿದ. "ಇಲ್ರಿ, ನಿಮ್ಮದ ಆಗ್ಲಿ" ಎಂದು ಅವಳು ಹಿಂದೆ ಸರಿಯುತ್ತಿದ್ದಳು. ಇದರಲ್ಲೇ ಇಬ್ಬರ ಚಹಾವೂ ತಡವಾಗುತ್ತಿತ್ತು. ಒಮ್ಮೆ ಅವಳ ಹಾಲು ಉಕ್ಕಿ ನನ್ನ ಮೈಮೇಲೆಲ್ಲ ಹರಿಯಿತು. ಪಕ್ಕದಲ್ಲೇ ರೊಟ್ಟಿ ಸುಡುತ್ತಿದ್ದ ಪುಣ್ಯಾತ್ಮ ಅವಳ ಉರಿ ಆರಿಸದೆ, ನಿಮ್ಮ ಹಾಲು ಉಕ್ಕುತ್ತಿದೆ ಎಂದು ಹೊರಗೆ ಕೂಗಿ ಹೇಳಿದ. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಕೊನೆಯ ಪರೀಕ್ಷೆಯ ಮಧ್ಯಾಹ್ನ, ಮಗಳಿಗೆ ಎಲ್ಲ ಹೇಳಿಬಿಡೋಣವೆಂದು ಇಬ್ಬರೂ ಕಾದಿದ್ದರು. ಅವಳು ಯೂನಿಫಾರ್ಮಿನಲ್ಲೇ ನೇರವಾಗಿ ನನ್ನ ಬಳಿ ಬಂದು, ಎರಡು ಪಾತ್ರೆಗಳಲ್ಲಿ ಬೇರೆಬೇರೆ ಚಹಾಕ್ಕಿಟ್ಟಳು.

"ನನಗ ಎಲ್ಲಾ ಗೊತ್ತೈತಿ. ಅಪ್ಪ ನಿನಗ ನೀವು ಅನ್ನಾಕ ಹತ್ತಿದಾಗಿಂದ ಗೊತ್ತೈತವ್ವ," ಎಂದಳು. ಆಮೇಲೆ ತಿರುಗಿ ನೋಡದೆಯೇ ಕೇಳಿದಳು, "ಇನ್ನ ಮುಂದ ನನ್ನ ಅಡಿಗಿ ಯಾರ ಒಲಿ ಮ್ಯಾಲ?"

ಇಬ್ಬರಿಗೂ ಅವಳು ಬೇಕಿತ್ತು. ಅವಳು ಶಾಲೆಗೆ ಹೋದ ಮೇಲೆ ಒಬ್ಬೊಬ್ಬರಾಗಿ ನನ್ನೆದುರು ನಿಂತು ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಆದರೆ ವರ್ಷದಿಂದ ನಾಲಿಗೆಗೆ ಹತ್ತಿದ ಅಭ್ಯಾಸ ಬಿಡಬೇಕಲ್ಲ.

"ನಿಮ್ಮವ್ವನ ಒಲಿ ಮ್ಯಾಲ," ಎಂದ ಪ್ರಭುಲಿಂಗ. ಅದೇ ಗಳಿಗೆಗೆ ನಾಗವೇಣಿ, "ನಿಮ್ಮಪ್ಪನ ಒಲಿ ಮ್ಯಾಲ ಆಗ್ಲಿ," ಎಂದಳು.

ಬಿಟ್ಟುಕೊಡುವುದು ದೊಡ್ಡತನವೆಂದು ಇಬ್ಬರೂ ತಿಳಿದಿದ್ದರು. ಹುಡುಗಿಗೆ ಮಾತ್ರ ತಾನು ಇಬ್ಬರಿಗೂ ಬೇಡವೆಂದೇ ಕೇಳಿಸಿತು. ಅವಳು ಎರಡೂ ಉರಿ ಆರಿಸಿದಳು. ಜೂನ್ ತಿಂಗಳಲ್ಲಿ ಧಾರವಾಡದ ಹಾಸ್ಟೆಲ್ ಸೇರಿದಳು.

ಮನೆ ಖಾಲಿ ಮಾಡುವಾಗ ಒಲೆ ನೀವೇ ಒಯ್ಯಿರಿ ಎಂದು ನಾಗವೇಣಿ, ಇಲ್ಲ ನೀವೇ ಇಟ್ಟುಕೊಳ್ಳಿ ಎಂದು ಪ್ರಭುಲಿಂಗ. ಯಾರೂ ಒಯ್ಯಲಿಲ್ಲ. ಈಗ ರಿಪೇರಿ ಅಂಗಡಿಯೊಂದರ ಮೂಲೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದೇನೆ. ಆದರೂ ಜೀವ ತಡೆಯದು. ಧಾರವಾಡದ ಕಡೆ ಹೋಗುವವರು ಯಾರಾದರೂ ಇದ್ದರೆ ಆ ಹುಡುಗಿಗೆ ಇಷ್ಟು ಹೇಳಿ. ಅವಳನ್ನು ಯಾರೂ ಬೇಡ ಅನ್ನಲಿಲ್ಲ. ಬೇಕು ಅನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ, ಅಷ್ಟೆ.