ಝಿವಾನನ ಪಾಲಿನ ಹತ್ತು

“ದಿನಕ್ಕೆ ಎಷ್ಟು ಸೇದ್ತೀರಾ ಅಕ್ಕಾ?” ಎಂದು ಗೂಡಂಗಡಿಯ ಕಿಟಕಿಯೊಳಗಿಂದ ಅಂಗಡಿಯವನಾದ ಲಾಜಾ ಕೇಳಿದಾಗ ರಾದೋಯ್ಕಾ “ಇಪ್ಪತ್ತು” ಎಂದುಬಿಟ್ಟಳು. ಹೇಳಿದ ಮೇಲೆ ಕಸಿವಿಸಿಯಾಯಿತು. ಮೂವತ್ತು ವರ್ಷ ಸೊಂಬೋರ್ ಪಟ್ಟಣದ ಮುದ್ರಣಾಲಯದಲ್ಲಿ ಕರಡು ತಿದ್ದಿದವಳಿಗೆ ತಪ್ಪು ಅಂಕಿಯೆಂದರೆ ಕಣ್ಣಿಗೆ ಬಿದ್ದ ಕಸವಿದ್ದಂತೆ. ದಿನಕ್ಕೊಂದು ಪ್ಯಾಕು ಒಯ್ಯುವುದು ನಿಜ, ಮಲಗುವ ಹೊತ್ತಿಗೆ ಅದು ಖಾಲಿಯಾಗುವುದೂ ನಿಜ. ಆದರೆ ಅದರಲ್ಲಿ ಹತ್ತು ಝಿವಾನನವು. ಝಿವಾನ್ ತೀರಿಕೊಂಡು ಮೂರು ವರ್ಷವಾಗಿತ್ತು. ಗಂಡನ ಪಾಲನ್ನು ಗೂಡಂಗಡಿಯ ಕಿಟಕಿಯ ಮುಂದೆ ನಿಂತು ಹೇಳುವುದಾದರೂ ಹೇಗೆ?

ಸತ್ತವರ ಶನಿವಾರದಂದು ಊರಿನವರೆಲ್ಲ ಮಾಡುವುದನ್ನೇ ಅವಳು ದಿನವೂ ಮಾಡುತ್ತಿದ್ದಳು, ಅಷ್ಟೇ. ಆ ದಿನ ಜನ ಸಮಾಧಿಗೆ ಹೋಗಿ, ಸೇದುವ ಚಟವಿದ್ದವರಿಗೆ ಸಿಗರೇಟು ಹಚ್ಚಿ ಕಲ್ಲಿನ ಮೇಲೆ ಇಡುತ್ತಾರೆ. ಮೊದಲ ದಮ್ಮು ಬದುಕಿರುವವರದು, ಉಳಿದದ್ದು ಮಲಗಿರುವವರದು. ರಾದೋಯ್ಕಾ ಮನೆಯಲ್ಲಿ ಪ್ರತಿ ಸಲ ಕಾಫಿಗೆ ಕೂತಾಗಲೂ ಎರಡು ಹಚ್ಚುತ್ತಿದ್ದಳು. ಒಂದು ತನಗೆ, ಇನ್ನೊಂದು ಮೇಜಿನ ಆಚೆ ಬದಿಯ ಗಾಜಿನ ಆ್ಯಶ್‌ಟ್ರೇಗೆ. ಉರಿಯುವ ಸಿಗರೇಟನ್ನು ಬಿಟ್ಟು ಏಳಲು ಅವಳಿಗೆ ಹೆದರಿಕೆ. ಪರದೆಗೆ ಕಿಡಿ ತಾಗಿದರೆ? ಹಾಗಾಗಿ ಅವನದು ಪೂರ್ತಿ ಉರಿದು ಆರುವವರೆಗೆ ಎದುರಿಗೇ ಕೂತಿರುತ್ತಿದ್ದಳು. ದಿನಕ್ಕೆ ಹತ್ತು ಸಲ, ಹತ್ತು ಹತ್ತು ನಿಮಿಷ. ಅಷ್ಟು ಹೊತ್ತೂ ಅವನು ಮನೆಯಲ್ಲಿರುತ್ತಿದ್ದ.

ಈಗ ಅದನ್ನು ನಿಲ್ಲಿಸಲೇಬೇಕಾಗಿತ್ತು. ಶುಕ್ರವಾರ ಮೊಮ್ಮಗಳು ನೆವೆನಾ ಬೇಸಿಗೆ ರಜೆಗೆ ಬರುವವಳಿದ್ದಳು. ಒಂಬತ್ತು ವರ್ಷದ ಆ ಹುಡುಗಿಗೆ ಉಬ್ಬಸ. ಹೋದ ವರ್ಷ ಎರಡನೇ ದಿನವೇ ಮಗಳು ಬಂದು ಅವಳನ್ನು ವಾಪಸು ಕರೆದೊಯ್ದಿದ್ದಳು. ಈ ಸಲವೂ ಪರದೆಯಲ್ಲಿ ಹೊಗೆಯ ವಾಸನೆ ಬಂದರೆ ಇನ್ನು ಯಾವತ್ತೂ ಕಳಿಸುವುದಿಲ್ಲವೆಂದು ಫೋನಿನಲ್ಲಿ ಮೆತ್ತಗೆ, ಬೈಯದೆ ಹೇಳಿದ್ದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ರಾದೋಯ್ಕಾಗೆ ಅನಿಸಿತ್ತು. ಅದಕ್ಕೇ ವೇಪ್, ಎಂದರೆ ಬೆಂಕಿಯಿಲ್ಲದೆ ಎಳೆದಾಗ ಮಾತ್ರ ಆವಿ ಬಿಡುವ ಇ-ಸಿಗರೇಟು, ಕೊಳ್ಳಲು ಬಂದಿದ್ದಳು, ಬಳಸಿ ಬಿಸಾಡುವಂಥದ್ದು. ಹುಡುಗಿ ಆಟಕ್ಕೆ ಹೋದಾಗ ಬಾಲ್ಕನಿಯಲ್ಲಿ ನಿಂತು ಎರಡು ದಮ್ಮು ಎಳೆದರೆ ಸಾಕು.

ಲಾಜಾ ವೈದ್ಯನ ಹಾಗೆ ವಿಚಾರಿಸಿದ. ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲನೆಯದು, ಕಾಫಿಯ ಜೊತೆಗೋ ಊಟದ ಮೇಲೋ, ಉದ್ದಕ್ಕೆ ಎಳೆಯುತ್ತೀರೋ ಗುಬ್ಬಿ ನೀರು ಕುಡಿದ ಹಾಗೋ. ಕಲ್ಲಂಗಡಿ ರುಚಿಯ ದಪ್ಪನೆಯದನ್ನು, ಪುದೀನದ ತೆಳ್ಳನೆಯದನ್ನು, ಬರೀ ತಂಬಾಕಿನ ರುಚಿಯದನ್ನು ಸಾಲಾಗಿ ಜೋಡಿಸಿದ. ಅವಳು ಪುದೀನದ ಕಡೆ ಕೈ ಚಾಚಿದಾಗ ತಡೆದ.

“ಇಪ್ಪತ್ತು ಸೇದೋರಿಗೆ ಇದು ಕೊಟ್ರೆ ನಾಳೆ ಬಂದು ನನ್ನ ಕಿಟಕಿ ಒಡೀತೀರಾ. ಇರೋದ್ರಲ್ಲಿ ಗಟ್ಟಿದು ತಗೊಳಿ.”

ಗಟ್ಟಿಯದನ್ನೇ ತಂದಳು. ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ಎಳೆದಳು. ತುದಿಯಲ್ಲಿ ಪುಟ್ಟ ನೀಲಿ ಬೆಳಕು ಹತ್ತಿಕೊಂಡಿತು. ಅಭ್ಯಾಸಬಲದಿಂದ ಮತ್ತೆ ಎಳೆದಳು, ಮತ್ತೊಮ್ಮೆ. ಐದನೆಯದಕ್ಕೆ ಬೀದಿ ಸಣ್ಣಗೆ ತೇಲತೊಡಗಿತು. ಸಾಲುಮರಗಳ ನೆರಳು ಡಾಂಬರಿನ ಮೇಲೆ ನೀರಿನ ಹಾಗೆ ಅಲುಗಿತು, ಲಿಂಡನ್ ಹೂವಿನ ಘಮ ತೆರೆತೆರೆಯಾಗಿ ಬಂದು ಹೋಯಿತು, ಎದುರುಮನೆಯ ಹಳದಿ ಗೋಡೆ ನಿಧಾನವಾಗಿ ಹಿಂದಕ್ಕೆ ಸರಿಯಿತು. ಝಿವಾನ್ ಕಾಲುವೆಯಲ್ಲಿ ದೋಣಿ ನಡೆಸುತ್ತಿದ್ದಾಗ ಅವಳು ಹೀಗೇ ಹಿಂದೆ ಕೂತಿರುತ್ತಿದ್ದಳು. ಅವನ ಬೆನ್ನು, ಬೆವರಿಗೆ ಅಂಟಿದ ಅಂಗಿ, ಇಬ್ಬದಿಯಲ್ಲೂ ಜೊಂಡು. ಅವನು ತಿರುಗಿ ನೋಡುತ್ತಾನೆ ಎನಿಸಿತು. ಅಷ್ಟರಲ್ಲಿ ವಾಂತಿ ಬಂದ ಹಾಗಾಗಿ ಬಾಲ್ಕನಿಯ ಕಂಬಿ ಹಿಡಿದುಕೊಂಡಳು.

ಸುಧಾರಿಸಿಕೊಂಡು ಒಳಗೆ ಹೋದಳು. ವೇಪನ್ನು ಮೇಜಿನ ಆಚೆ ಬದಿಯ ಆ್ಯಶ್‌ಟ್ರೇಯಲ್ಲಿಟ್ಟು ಎದುರು ಕೂತಳು. ಅದು ಮುಚ್ಚಳ ಹಾಕಿದ ಪೆನ್ನಿನ ಹಾಗೆ ಬಿದ್ದುಕೊಂಡಿತ್ತು. ಬೆಳಕಿಲ್ಲ, ಹೊಗೆಯಿಲ್ಲ. ಹತ್ತು ನಿಮಿಷ ಕಾದಳು. ಕುರ್ಚಿ ಖಾಲಿಯಾಗಿಯೇ ಇತ್ತು.

ಮರುದಿನ ಅವಳ ಮುಖ ನೋಡಿಯೇ ಲಾಜಾ ಸ್ಟೂಲು ಹೊರಗಿಟ್ಟ. ತಲೆ ತಿರುಗಿದ್ದನ್ನೂ ವಾಂತಿ ಬಂದ ಹಾಗಾದದ್ದನ್ನೂ ಕೇಳಿಸಿಕೊಂಡು ಗಲ್ಲ ತುರಿಸಿಕೊಂಡ.

“ಇಪ್ಪತ್ತು ಸೇದೋರಿಗೆ ಹಂಗಾಗಲ್ಲ. ನಿಜ ಹೇಳಿ ಅಕ್ಕಾ, ನಿಮ್ಮನೇಲಿ ಇನ್ನೊಬ್ರು ಯಾರು ಸೇದ್ತಾರೆ?”

ರಾದೋಯ್ಕಾ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದಳು. ಯಾರೂ ಇರಲಿಲ್ಲ.

“ಹತ್ತು ನಾನು. ಹತ್ತು ಅವರು.” ಆಮೇಲೆ, ಧೈರ್ಯ ಇಂಗುವ ಮೊದಲೇ ಕೇಳಿಬಿಟ್ಟಳು. “ಲಾಜಾ, ಯಾರೂ ಎಳೀದಿದ್ರೂ ಉರಿಯೋಂಥದ್ದು ಇದ್ಯಾ? ಅವರಿಗೂ ಒಂದು ಬೇಕಿತ್ತು.”

ಲಾಜಾ ನಗಲಿಲ್ಲ. ಪ್ಯಾಕೆಟ್ಟುಗಳನ್ನು ಸರಿಮಾಡಿದ.

“ಅಂಥದ್ದು ಯಾರೂ ಮಾಡಿಲ್ಲ ಅಕ್ಕಾ. ಇದಕ್ಕೆ ಉಸಿರು ಬೇಕು.”

ಪುದೀನದ ತೆಳ್ಳನೆಯದನ್ನು, ಇರುವುದರಲ್ಲಿ ಸೌಮ್ಯವಾದದ್ದನ್ನು, ಅವಳ ಮುಂದಿಟ್ಟ. ಹತ್ತು ಸೇದುವವರಿಗೆ ಇಷ್ಟು ಧಾರಾಳ ಎಂದ. ಆಮೇಲೆ ತನ್ನ ಜೇಬಿನ ಪ್ಯಾಕಿನಿಂದ ಒಂದೇ ಒಂದು ಸಿಗರೇಟು ತೆಗೆದು ಕಾಗದದಲ್ಲಿ ಸುತ್ತಿದ.

“ಝಿವಾನಣ್ಣಂಗೆ ಯಾಕೆ ಈ ವಯಸ್ಸಲ್ಲಿ ಚಟ ಬದಲಾಯಿಸ್ತೀರಾ? ಅವರಿಗೆ ಇನ್ನೇನು ಕೆಮ್ಮು ಬರತ್ತಾ? ಆದ್ರೆ ಮನೇಲಿ ಬೇಡ. ಈ ಶನಿವಾರ ಸತ್ತವರದ್ದೇ ಅಲ್ವಾ, ಸಮಾಧಿಗೇ ಹೋಗಿ ಕೊಡಿ. ಲೈಟರು ಇಲ್ಲೇ ಇಟ್ಟೋಗಿ. ನಿಮ್ಮನ್ನ ನಾನು ನಂಬಲ್ಲ.”

ಶುಕ್ರವಾರ ನೆವೆನಾ ಬಂದಳು. ಒಗೆದ ಪರದೆಗಳಿಗೆ ಮಗಳು ಮೂಗು ಹಚ್ಚಿ ನೋಡಿ, ಹೊಳೆಯುವ ಹಾಗೆ ತೊಳೆದಿದ್ದ ಆ್ಯಶ್‌ಟ್ರೇಯಲ್ಲಿ ಚೆರ್ರಿ ಹಣ್ಣು ಸುರಿದು ಬಸ್ಸಿಗೆ ಹೋದಳು.

ಶನಿವಾರ ಬೆಳಿಗ್ಗೆ ಸಮಾಧಿಗಳ ನಡುವೆ ಜನ ತುಂಬಿದ್ದರು. ಸತ್ತವರ ಹೆಸರಿನಲ್ಲಿ ಬೇಯಿಸಿದ ಗೋಧಿ, ಸಕ್ಕರೆ ಪುಡಿ, ಪ್ಲಮ್ಮಿನ ಸಾರಾಯಿ ಕೈಯಿಂದ ಕೈಗೆ ದಾಟುತ್ತಿದ್ದವು. ಅಲ್ಲೊಂದು ಇಲ್ಲೊಂದು ಕಲ್ಲಿನ ಮೇಲೆ ಸಿಗರೇಟುಗಳು ತಮ್ಮಷ್ಟಕ್ಕೆ ಹೊಗೆಯಾಡುತ್ತಿದ್ದವು. ರಾದೋಯ್ಕಾ ನೆವೆನಾಳನ್ನು ಗಾಳಿ ಬರುವ ಕಡೆಗೆ, ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂರಿಸಿ ಬಂದಳು. ಮೇಣದಬತ್ತಿ ಹಚ್ಚಿಟ್ಟಳು, ಗೋಧಿಯಿಟ್ಟಳು, ಕಾಗದ ಬಿಚ್ಚಿದಳು.

ಲೈಟರು ಲಾಜಾನ ಬಳಿಯಿತ್ತು, ಮನೆಯಿಂದ ತಂದಿದ್ದ ಒಂದೇ ಬೆಂಕಿಕಡ್ಡಿ ಮೇಣದಬತ್ತಿಗೆ ಮುಗಿದಿತ್ತು. ಮೇಣದಬತ್ತಿಯಿಂದ ಸಿಗರೇಟು ಹಚ್ಚಿದರೆ ಎಲ್ಲೋ ಒಬ್ಬ ನಾವಿಕ ಸಾಯುತ್ತಾನೆಂದು ಝಿವಾನ್ ಯಾರಿಗೂ ಹಾಗೆ ಹಚ್ಚಗೊಡುತ್ತಿರಲಿಲ್ಲ. ಅವಳು ಕಲ್ಲಿನ ಮೇಲಿನ ಹೆಸರನ್ನು ನೋಡಿದಳು. ಅವಳಿಗೆ ಗೊತ್ತಿದ್ದ ನಾವಿಕ ಒಬ್ಬನೇ, ಅವನು ಆಗಲೇ ಇಲ್ಲಿ ಮಲಗಿದ್ದ. ಮೊದಲ ದಮ್ಮು ತಾನೇ ಎಳೆಯಬೇಕು. ಸಿಗರೇಟು ತುಟಿಯವರೆಗೂ ಹೋಯಿತು. ಬೆಂಚಿನ ಮೇಲೆ ನೆವೆನಾ ಕಾಲು ಆಡಿಸುತ್ತ ಇತ್ತಲೇ ನೋಡುತ್ತಿದ್ದಳು.

ರಾದೋಯ್ಕಾ ಕೈ ಕೆಳಗಿಳಿಸಿ ತುದಿಯನ್ನು ಜ್ವಾಲೆಗೆ ಹಿಡಿದಳು. ಕಾಗದ ಕಪ್ಪಾಯಿತು, ಹೊತ್ತಿಕೊಳ್ಳಲಿಲ್ಲ. ಎಳೆಯುವವರಿಲ್ಲದೆ ಅದೂ ಹೊತ್ತುವುದಿಲ್ಲವೇನೋ ಎಂದು ಗಾಬರಿಯಾದಳು. ಹಾಗೇ ಹಿಡಿದುಕೊಂಡಿದ್ದಳು. ಕಾಲುವೆಯ ಕಡೆಯಿಂದ ಹಸಿ ಜೊಂಡಿನ ವಾಸನೆಯ ಗಾಳಿ ಬೀಸಿತು, ಮೇಣದಬತ್ತಿಯ ಕುಡಿ ಬಾಗಿತು, ಸಿಗರೇಟಿನ ತುದಿ ಒಮ್ಮೆ ಕೆಂಪಗೆ ಅರಳಿ, ಕುಗ್ಗಿ, ಮತ್ತೆ ಅರಳಿತು.

ಅದನ್ನು ಕಲ್ಲಿನ ಅಂಚಿಗೆ ಇಟ್ಟು ಎದುರು ಕೂತಳು. ಸ್ವಲ್ಪ ಹೊತ್ತಿಗೆ ಗೇಟಿನ ಕಡೆಯಿಂದ “ಅಜ್ಜೀ” ಎಂಬ ಕೂಗು ಕೇಳಿಸಿತು. ಅವಳು ಮಂಡಿಯ ಧೂಳು ಕೊಡವಿ ಎದ್ದಳು. ಸಿಗರೇಟು ಇನ್ನೂ ಅರ್ಧ ಉಳಿದಿತ್ತು. ಕಲ್ಲಿನ ಮೇಲೆ ಬೂದಿ ಮುರಿಯದೆ ಉದ್ದವಾಗುತ್ತಿತ್ತು, ಹೊಗೆ ನೆಟ್ಟಗೆ ಮೇಲೇರುತ್ತಿತ್ತು.