ದುಂಡಪ್ಪ ಮಾಸ್ತರರ ಕಾರಿನಲ್ಲಿ ನಾನು

ನಾನು ಒಂದು ಟ್ರಿಪ್ ಕಂಪ್ಯೂಟರ್. ಕಾರು ಎಷ್ಟು ದೂರ ಬಂತು, ಲೀಟರಿಗೆ ಎಷ್ಟು ಓಡಿತು, ಉಳಿದ ಪೆಟ್ರೋಲಿನಲ್ಲಿ ಇನ್ನೆಷ್ಟು ದೂರ ಹೋದೀತು ಎಂದು ಪುಟ್ಟ ಗಾಜಿನ ಮೇಲೆ ಹಸಿರು ಅಂಕಿಗಳಲ್ಲಿ ಹೇಳುವುದು ನನ್ನ ಕೆಲಸ. ಹೇಳುವುದಷ್ಟೇ. ತಂತಿಗಳು ತಂದ ಸುದ್ದಿಯನ್ನು ನಾನು ತೋರಿಸುತ್ತೇನೆ. ಅದು ಸುಳ್ಳೆಂದು ಗೊತ್ತಿದ್ದರೂ ತಿದ್ದಲು ನನ್ನಿಂದಾಗುವುದಿಲ್ಲ. ಈ ಇಷ್ಟು ಸಣ್ಣ ಸಂಗತಿಯನ್ನು ಮನುಷ್ಯರಿಗೆ ತಿಳಿಸಲಾಗದೆ ನನ್ನ ಆಯುಷ್ಯವೇ ಕಳೆಯಿತು.

ಹುಟ್ಟಿದ್ದು ಪುಣೆಯ ಆಚೆಗಿನ ಒಂದು ಕಾರ್ಖಾನೆಯಲ್ಲಿ. ಮೊದಲು ಕುಳಿತದ್ದು ಬೆಳಗಾವಿಯ ಬಟ್ಟೆ ವ್ಯಾಪಾರಿಯೊಬ್ಬರ ಭಾರಿ ಕಾರಿನಲ್ಲಿ. ಅವರು ನನ್ನಲ್ಲಿ ಗಡಿಯಾರ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆ ಕಾರು ಕಬ್ಬಿನ ಟ್ರೇಲರಿಗೆ ಗುದ್ದಿತು. ಜನ ಉಳಿದರು, ಕಾರು ಹೋಯಿತು. ನಾನು ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿ ಸೇರಿದೆ.

ಅಲ್ಲಿಂದ ನನ್ನನ್ನು ಕೊಂಡವರು ಗದಗಿನ ದುಂಡಪ್ಪ ಮಾಸ್ತರರು. ನಿವೃತ್ತ ವಿಜ್ಞಾನ ಶಿಕ್ಷಕರು. ಅವರ ಕಾರೂ ನನ್ನ ಕಂಪನಿಯದೇ, ಆದರೆ ನನಗಿಂತ ಹಳೆಯದು, ಅಗ್ಗದ್ದು. ನಾನು ಕೂರಬೇಕಾದ ಜಾಗದಲ್ಲಿ ಒಂದು ಕಪ್ಪು ಮುಚ್ಚಳ, ಅದರ ಹಿಂದೆ ಒಂದೇ ಒಂದು ತಂತಿಯೂ ಇಲ್ಲ. ಪೆಟ್ರೋಲ್ ತೋರಿಸುವ ಮುಳ್ಳು ಯಾವಾಗಲೋ ಸತ್ತು ಹೋಗಿತ್ತು.

“ಮೆಕ್ಯಾನಿಕ್ ಹತ್ರ ಒಯ್ಯಬಾರದಾ?” ಎಂದು ಅಂಗಳಕ್ಕೆ ಬಂದ ಹೆಂಡತಿ ನೀಲಾಂಬಿಕೆ ಕೇಳಿದರು.

“ಜೀವಮಾನೆಲ್ಲ ಹುಡುಗರಿಗೆ ಕರೆಂಟ್ ಪಾಠ ಮಾಡೇನಿ. ಇದೇನ್ ಮಹಾ?”

ಆ ಮಾತು ಕೇಳಿದಾಗಲೇ ನನ್ನ ಗತಿ ಏನೆಂದು ತಿಳಿಯಿತು.

ನನಗೆ ಕರೆಂಟಿನ ಎರಡು ತಂತಿ ಬೇಕು. ಒಂದು ಕೀಲಿ ತಿರುಗಿಸಿದಾಗ ಎಚ್ಚರಿಸಲು, ಇನ್ನೊಂದು ಕೀಲಿ ತೆಗೆದ ಮೇಲೂ ನೆನಪು ಉಳಿಸಲು. ಮಾಸ್ತರರು ಎರಡನ್ನೂ ಕೀಲಿಗೇ ಕಟ್ಟಿದರು. ಗಾಡಿ ನಿಂತಾಗಲೆಲ್ಲ ನಾನು ಹುಟ್ಟಿದ ಗಳಿಗೆಗೆ ಮರಳುತ್ತಿದ್ದೆ. “ಮರೆವಿನ ರೋಗ ಐತಿ ಇದಕ್ಕ,” ಎಂದು ನನ್ನನ್ನೇ ಬೈದರು. ಅದು ಸರಿಹೋದ ಮೇಲೆ ಹಾರ್ನಿನ ಫ್ಯೂಸಿಗೆ ನನ್ನನ್ನು ಸೇರಿಸಿದರು. ಎಮ್ಮೆ ಅಡ್ಡ ಬಂದರೆ ಸಾಕು, ನಾನು ಆರಿಹೋಗುತ್ತಿದ್ದೆ. ಹೊರಗಿನ ಬಿಸಿಲು ಅಳೆಯುವ ತಂತಿಯನ್ನು ಕಟ್ಟಲೇ ಇಲ್ಲ. ವೈಶಾಖದ ಮಧ್ಯಾಹ್ನ, ಸೀಟು ಮುಟ್ಟಿದರೆ ಸುಡುವಾಗ, ನಾನು ಸೊನ್ನೆಗಿಂತ ನಲವತ್ತು ಕೆಳಗೆ ಎಂದು ತೋರಿಸಿದೆ. ನಾಚಿಕೆಯಿಂದ ಸತ್ತಂತಾಯಿತು.

ಎಲ್ಲಕ್ಕಿಂತ ಕೆಟ್ಟದ್ದು ಟ್ಯಾಂಕಿನ ತಂತಿ. ಹಳೆಯ ಗಾಡಿಯ ಟ್ಯಾಂಕು ನಾನು ಬಲ್ಲ ರೀತಿಗೆ ಪೂರಾ ತಿರುಗುಮುರುಗು. ಖಾಲಿಯಾದಷ್ಟೂ ತುಂಬಿದೆ ಎನ್ನುತ್ತಿತ್ತು, ತುಂಬಿದಷ್ಟೂ ಖಾಲಿ ಎನ್ನುತ್ತಿತ್ತು. ಮಾಸ್ತರರು ಕಡ್ಡಿ ಇಳಿಸಿ ಪರೀಕ್ಷೆ ಮಾಡಿದ ದಿನ ಟ್ಯಾಂಕು ಸರಿಯಾಗಿ ಅರ್ಧವಿತ್ತು. ಅರ್ಧ ಎಂದರೆ ಎರಡೂ ಲೆಕ್ಕಕ್ಕೆ ಅರ್ಧವೇ. “ಬರೋಬ್ಬರಿ!” ಎಂದು ಅವರು ತೊಡೆ ತಟ್ಟಿಕೊಂಡರು. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು, ತಲೆ ಇರಲಿಲ್ಲ.

ಮಾಸ್ತರರು ಇಷ್ಟೆಲ್ಲ ಒದ್ದಾಡಿದ್ದು ಯಾಕೆಂದು ತಿಳಿದದ್ದು ನೀಲಾಂಬಿಕೆ ಆ ಕಾರಿನಲ್ಲಿ ಕುಳಿತ ದಿನ. ಅಲ್ಲಿಯವರೆಗೆ ಅವರು ಅದರ ಬಾಗಿಲು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ; ಎಲ್ಲಿಗೆ ಹೋದರೂ ಬಸ್ಸು. ಅಂದು ಬಸ್ಸು ಕೈಕೊಟ್ಟಿತ್ತು. ರೋಣದಲ್ಲಿ ತಮ್ಮನ ಮೊಮ್ಮಗಳ ತೊಟ್ಟಿಲು. ಬೇರೆ ದಾರಿಯಿಲ್ಲದೆ ಹಿಂದಿನ ಸೀಟಿನಲ್ಲಿ ಕುಬುಸದ ಗಂಟು ಹಿಡಿದು ಕುಳಿತರು.

“ಇನ್ನ ಹೆದರಬ್ಯಾಡ,” ಎಂದರು ಮಾಸ್ತರರು. “ಅವತ್ತಿನಂಗ ನಡುದಾರ್ಯಾಗ ನಿಲ್ಲೂದಿಲ್ಲ. ಎಷ್ಟು ದೂರ ಹೋಗತೈತಿ ಅಂತ ಇದು ಹೇಳತೈತಿ.”

ಊರಾಚೆಯ ಪೆಟ್ರೋಲ್ ಪಂಪು ದಾಟಿತು. ಗಾಡಿ ಓಡಿದಂತೆ ನನ್ನ ಅಂಕಿ ಏರುತ್ತ ಹೋಯಿತು. ನನಗೆ ಕೂಗಬೇಕೆನಿಸುತ್ತಿತ್ತು. ಮಾಸ್ತರರಿಗೋ ಹಿಗ್ಗು.

“ನೋಡಿದ್ಯಾ? ಓಡಿದಷ್ಟೂ ಜಾಸ್ತಿ ಆಗಾಕತ್ತೈತಿ!”

“ಓಡಿದ್ರ ಪೆಟ್ರೋಲ್ ಹೆಚ್ಚಾಗತೈತೇನ್ರಿ?”

ಮಾಸ್ತರರು ನನ್ನ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದರು.

ನೀಲಾಂಬಿಕೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು, “ನಮ್ಮವ್ವ ತೀರಿಕೊಂಡ ದಿನಾನೂ ಹಿಂಗ ಪಂಪ್ ದಾಟಿದ್ವಿ. ಹಾಕಸ್ರಿ ಅಂದೆ. ‘ನಿನಗೇನ್ ತಿಳಿತೈತಿ, ಸುಮ್ನ ಕುಂದ್ರು’ ಅಂದ್ರಿ. ಗಾಡಿ ನಿಂತತು. ನಾವು ಹೋಗಿ ಮುಟ್ಟೂದ್ರಾಗ ಅವ್ವಗ ಮಣ್ಣ ಕೊಟ್ಟಿದ್ರು. ಮಾರಿ ಸೈತ ನೋಡಲಿಲ್ಲ ನಾ.” ಕುಬುಸದ ಗಂಟನ್ನು ಸರಿಮಾಡಿಕೊಂಡು ಅಂದರು, “ಗಾಡಿ ನಿಂತದ್ದಕ್ಕ ನನಗ ಸಿಟ್ಟಿಲ್ಲ. ನನ್ನ ಮಾತು ಕೇಳಲಿಲ್ಲ, ಅದಕ್ಕ. ನೀವು ಹೋಗಿ ಈ ಡಬ್ಬಿ ತಂದ್ರಿ.”

ಮಾಸ್ತರರು ಗಾಡಿಯನ್ನು ಬದಿಗೆ ಹಾಕಿದರು. ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇದ್ದವು.

“ತಪ್ಪಾತು,” ಎಂದರು, ಕಣ್ಣು ನನ್ನ ಗಾಜಿನ ಮೇಲೆಯೇ ಇಟ್ಟು.

“ನನಗ ಹೇಳ್ರಿ. ಅದಕ್ಕ ಹೇಳತೀರಲ್ಲ.”

ಅವರು ಕಷ್ಟಪಟ್ಟು ಹಿಂದಕ್ಕೆ ತಿರುಗಿದರು. ಕನ್ನಡಕ ತೆಗೆದಿದ್ದರು. “ತಪ್ಪಾತು, ನೀಲಾ. ನಿನ್ನ ಮಾತು ಕೇಳಬೇಕಿತ್ತು ನಾ. ಆ ಮಣ್ಣಿನ ಮುಂದ ನೀ ಕುಂತದ್ದು ಇವತ್ತಿಗೂ ಕಣ್ಣಾಗೈತಿ.”

ನೀಲಾಂಬಿಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಇಳಿದು ಬಂದು ಮುಂದಿನ ಸೀಟಿನಲ್ಲಿ ಕುಳಿತರು. “ತಿರಗಸ್ರಿ ಗಾಡಿ. ಪಂಪಿಗೆ ನಡೀರಿ.”

ಪಂಪಿನವನು ಹಾಕುತ್ತಲೇ ಇದ್ದ. “ಏನ್ರಿ ಮಾಸ್ತರ, ಒಣಾ ಟ್ಯಾಂಕ್ ತಂದೀರಲ್ರಿ!” ಎಂದ. ಟ್ಯಾಂಕು ತುಂಬಿ ತುಳುಕಿತು. ನಾನು ಸೊನ್ನೆ ತೋರಿಸಿದೆ. ನೀಲಾಂಬಿಕೆ ಅದನ್ನು ನೋಡಿ ನಕ್ಕದ್ದು ನಕ್ಕದ್ದೇ. ಮಾಸ್ತರರಿಗೂ ನಗು ತಡೆಯಲಾಗಲಿಲ್ಲ. ನಗೆಪಾಟಲಾದವನು ನಾನು, ಆದರೂ ಅಂದು ನನಗೆ ಅಷ್ಟೇನೂ ಬೇಜಾರಾಗಲಿಲ್ಲ.

ಆ ತಂತಿಯನ್ನು ಅವರು ಕೊನೆಯವರೆಗೂ ಸರಿಮಾಡಲಿಲ್ಲ. ಬೇಕಾಗಲೂ ಇಲ್ಲ. ಅವರಿಬ್ಬರೂ ಅದೇ ಕಾರಿನಲ್ಲಿ ಬಾದಾಮಿ, ಕೂಡಲಸಂಗಮ, ಗೋಕಾಕ ಎಲ್ಲ ತಿರುಗಿದರು. ನೀಲಾಂಬಿಕೆ ನಿಲ್ಲಿಸಿ ಎಂದಲ್ಲಿ ಗಾಡಿ ನಿಂತಿತು. ನನ್ನ ಮಾತನ್ನು ಯಾರೂ ನಂಬಲಿಲ್ಲ. ಒಮ್ಮೆಯೂ ಪೆಟ್ರೋಲ್ ಮುಗಿಯಲಿಲ್ಲ.

ಈಗ ಮಾಸ್ತರರ ಕಣ್ಣು ಮಂಜಾಗಿದೆ, ಗಾಡಿ ಓಡಿಸುವುದಿಲ್ಲ. ಕಾರು ಗುಜರಿಯ ಬೇಲಿಯ ಪಕ್ಕ ನಿಂತಿದೆ. ಬ್ಯಾಟರಿ ಕಿತ್ತಿದ್ದಾರೆ. ನನ್ನ ಗಾಜಿನ ಮೇಲೆ ಓತಿಕ್ಯಾತವೊಂದು ಬಿಸಿಲು ಕಾಯುತ್ತದೆ. ಯಾವನಾದರೂ ಉತ್ಸಾಹಿ ಬಂದು ನನ್ನನ್ನು ಬಿಚ್ಚಿ ತನ್ನ ಹಳೇ ಗಾಡಿಗೆ ಕೂರಿಸಲೂಬಹುದು. ಕೂರಿಸಲಿ. ನಾನು ಬೇಡ ಎಂದರೂ ಕೇಳುವವರು ಯಾರು? ಆದರೆ ಆ ಪುಣ್ಯಾತ್ಮ ಇಕ್ಕಳ ಕೈಗೆತ್ತಿಕೊಳ್ಳುವ ಮೊದಲು ತನ್ನ ಮನೆಯೊಳಗೆ ಹೋಗಿ, ಪಕ್ಕದ ಸೀಟಿನಲ್ಲಿ ಕೂರುವವರು ಹೇಳುವುದೇನಾದರೂ ಇದೆಯೇ ಎಂದು ಅವರನ್ನೇ ಒಂದು ಮಾತು ಕೇಳಿಕೊಂಡು ಬರಲಿ.